ಮುತ್ತಜ್ಜಿಯ ಮುತ್ತಿಗೆ

ಗೆರ್ಬೆರ್: ಕಲ್ಲು ಎಸೆಯೋದು ನಿಲ್ಲಿಸು ಅಂತ ನಿಮ್ಮಣ್ಣನಿಗೆ ಹೇಳ್ತೀಯೋ ಇಲ್ಲವೋ?

ಅಡೆಲಿಸ್: ನೀವೇ ಹೇಳಿ. ನಿಮ್ಮ ತಂಗಿ ಗಂಡ ತಾನೆ?

ಲೂವಾರ್ ನದಿಯ ದಂಡೆಯ ಆ ಕೋಟೆಯಲ್ಲಿ ಸಾಮಂತ ಗೆರ್ಬೆರ್ ಮಾತಾಡುತ್ತಿದ್ದದ್ದು ಊಟದ ಮೇಜಿನ ಕೆಳಗಿಂದ. ಮೇಲೆ ಹೆಂಡತಿ ನೆಮ್ಮದಿಯಾಗಿ ಬಾತುಕೋಳಿಯ ಕಾಲು ಚೀಪುತ್ತಿದ್ದಳು. ಹೊರಗೆ ಅವಳಣ್ಣ ರೈನಾಲ್ ಡೇರೆ ಹಾಕಿ, ಕವಣೆಯಂತ್ರ ಹೂಡಿದ್ದ. ಅಡೆಲಿಸ್‌ಳನ್ನು ಮದುವೆಯಾದ ದಿನ ಗೆರ್ಬೆರ್ ಅವನಿಗೆ ಕೊಡ್ತೀನಿ ಅಂದ ಹೊಳೆಬದಿಯ ಹಿಟ್ಟಿನ ಗಿರಣಿ ಇನ್ನೂ ಅವನ ಕೈಸೇರಿರಲಿಲ್ಲ.

ಅಡೆಲಿಸ್: ಗಿರಣಿ ಕೊಟ್ಟುಬಿಡಿ, ಮುಗೀತು.

ಗೆರ್ಬೆರ್: ಕೊಟ್ಟು, ಆಮೇಲೆ ನಮ್ಮ ಗೋಧಿ ಹೊತ್ತು ಅವನ ಬಾಗಿಲಲ್ಲಿ ನಿಲ್ಲಬೇಕಾ? ಉಪಾಯ ಇದೆ ನನ್ನ ಹತ್ರ. ಪಾದ್ರಿಗಳೇ, ಹೇಳಿ!

ಮೇಜಿನ ಇನ್ನೊಂದು ತುದಿಯಿಂದ ಪಾದ್ರಿ ಗೊದಾರ್‌ರ ಬೋಳುತಲೆ ಹೊರಬಂತು.

ಗೊದಾರ್: ಏಳು ತಲೆಮಾರಿನೊಳಗೆ ರಕ್ತಸಂಬಂಧ ಇದ್ರೆ ಅದು ಮದುವೆಯೇ ಅಲ್ಲ ತಾಯಿ. ನಿಮ್ಮ ಮುತ್ತಜ್ಜಿ, ಇವರ ಮುತ್ತಜ್ಜಿ ಒಡಹುಟ್ಟಿದ ಅಕ್ಕತಂಗಿಯರಂತೆ.

ಅಡೆಲಿಸ್: ಮೂರು ಮಕ್ಕಳಾಗೋವರೆಗೂ ಗೊತ್ತಿರಲಿಲ್ವಾ?

ಗೆರ್ಬೆರ್: ಕಲ್ಲು ಬಿದ್ದಮೇಲೆ ಹೊಳೀತು.

ಅಡೆಲಿಸ್: ತಲೆ ಮೇಲೆ ಬಿತ್ತಾ?

ಗೆರ್ಬೆರ್: ಮದುವೆಯೇ ಆಗಿಲ್ಲ ಅಂದಮೇಲೆ ಮದುವೇಲಿ ಕೊಟ್ಟ ಮಾತೂ ಇಲ್ಲ! ಗಿರಣಿ ನನ್ನದೇ. ನೀನೇನೂ ಬೇಜಾರು ಮಾಡ್ಕೋಬೇಡ, ಒಳ್ಳೇ ಕನ್ಯಾಮಠ ನೋಡಿ ಸೇರಿಸ್ತೀನಿ.

ಅಡೆಲಿಸ್: ಬೇಜಾರೇನು ಬಂತು? ಪಾದ್ರಿಗಳೇ, ಮದುವೆ ಬಿದ್ದುಹೋದ್ರೆ ವರದಕ್ಷಿಣೆ ಯಾರಿಗೆ?

ಗೊದಾರ್: ಹೆಣ್ಣಿಗೇ ವಾಪಸ್ಸು.

ಅಡೆಲಿಸ್: ಹಾಗಾದ್ರೆ ಯಾರ ಮೇಜಿನ ಕೆಳಗೆ ಅಡಗಿದ್ದೀರಿ ಅಂತ ಸ್ವಲ್ಪ ನೋಡ್ಕೊಳ್ಳಿ. ಈ ಕೋಟೆ ನಮ್ಮಪ್ಪ ಕೊಟ್ಟದ್ದು. ಆ ಗಿರಣಿ ಬಿಟ್ಟರೆ ನೀವು ತಂದದ್ದು ಒಂದು ಕುಂಟು ಕುದುರೆ, ಅದಕ್ಕಿಂತ ಉದ್ದದ ಬಿರುದು.

ಗೆರ್ಬೆರ್‌ನ ತಲೆ ಮೇಜಿಗೆ ಧಡ್ಡನೆ ಬಡಿಯಿತು.

ಗೆರ್ಬೆರ್: ಪಾದ್ರಿಗಳೇ, ಮುತ್ತಜ್ಜಿ ವಿಚಾರ ಎಲ್ಲೂ ಬಾಯಿ ಬಿಡಬೇಡಿ!

ಗೊದಾರ್: ನಿಮ್ಮಪ್ಪಣೆ ಅಂತ ಬಿಷಪ್ಪರಿಗೆ ಆಗಲೇ ಹೇಳಿಕಳಿಸಿದೆನಲ್ಲ ದೊರೆ! ಇನ್ನು ಎರಡೂ ಮನೆಯ ಯಜಮಾನರು ಒಟ್ಟಿಗೆ ನಿಂತು, ರಕ್ತಸಂಬಂಧ ಇಲ್ಲ ಅಂತ ಆಣೆ ಮಾಡಿದ್ರೆ ಮಾತ್ರ ಮದುವೆ ಉಳಿಯುತ್ತೆ.

ಗೆರ್ಬೆರ್: ಇನ್ನೊಂದು ಮನೆ ಯಜಮಾನ ಅಂದ್ರೆ...

ಉತ್ತರವೆಂಬಂತೆ ಅಡುಗೆಮನೆಯ ಚಾವಣಿ ಮೇಲೆ ಇನ್ನೊಂದು ಕಲ್ಲು ಬಿತ್ತು.

ಗೆರ್ಬೆರ್: ಅವನ್ಯಾಕೆ ಆಣೆ ಮಾಡ್ತಾನೆ? ನಾನು ಬೀದಿಪಾಲಾಗೋದನ್ನೇ ಕಾಯ್ತಿದ್ದಾನೆ!

ಅಡೆಲಿಸ್: ನಮ್ಮದು ಕೊಟ್ಟು ತಂದ ಸಂಬಂಧ ಕಣ್ರೀ. ನಿಮ್ಮ ತಂಗಿ ಎರ್ಸಾಂಡ್‌ಗೂ ಅದೇ ಮುತ್ತಜ್ಜಿ, ನಮ್ಮಣ್ಣನಿಗೂ ಇದೇ ಮುತ್ತಜ್ಜಿ. ನಮ್ಮ ಮದುವೆ ಬಿದ್ರೆ ಅವರದ್ದೂ ಬೀಳುತ್ತೆ. ಅವನಿರೋ ಕೋಟೆ ಅವಳ ವರದಕ್ಷಿಣೆ. ನೀವೂ ಅವನೂ ಇಬ್ಬರೂ ಬಯಲಿಗೆ! ಡೇರೆ ಹೇಗೂ ಹಾಕಿಯೇ ಇದೆ, ಹಂಚಿಕೊಂಡು ಮಲಗಿ.

ಗೆರ್ಬೆರ್ ಗೋಡೆ ಹತ್ತಿ, ಕಲ್ಲುಗಳ ನಡುವೆ ಬಗ್ಗಿ ಏಳುತ್ತಾ, ಸಂಗತಿಯನ್ನೆಲ್ಲ ಕೂಗಿ ಹೇಳಿದ. ಕವಣೆ ನಿಂತಿತು. ಬಾಗಿಲು ತೆರೆದದ್ದೇ ತಡ, ರೈನಾಲ್ ಓಡಿಬಂದು ಅವನನ್ನು ಬಿಗಿದಪ್ಪಿದ.

ರೈನಾಲ್: ಭಾವಾ, ರಕ್ತದಲ್ಲಿ ನೀನು ನನಗೆ ಯಾರೂ ಅಲ್ಲ!

ಗೆರ್ಬೆರ್: ನೀನೂ ನನಗೆ ಯಾರೂ ಅಲ್ಲ ಭಾವಾ!

ಇಬ್ಬರ ಕಣ್ಣಲ್ಲೂ ನೀರು. ಇಷ್ಟು ಆತ್ಮೀಯವಾಗಿ ಆ ಮನೆತನಗಳು ಎಂದೂ ಮಾತಾಡಿರಲಿಲ್ಲ.

ರೈನಾಲ್: ಮತ್ತೆ... ಗಿರಣಿ?

ಅಡೆಲಿಸ್: ಅದು ನನಗೂ ಎರ್ಸಾಂಡ್‌ಗೂ. ಒಪ್ಪಿಗೆ ಇಲ್ಲದಿದ್ರೆ ಈಗಲೇ ಹೇಳಿ. ನನಗೆ ನಮ್ಮ ಮುತ್ತಜ್ಜಿ ಚೆನ್ನಾಗಿ ನೆನಪಿದ್ದಾಳೆ.