ಅಂತೆ ಅಂದವರಿಗೆ ಪೊರಕೆ

ಕನ್ನಡದಿಂದ ಒಂದು ಪದವನ್ನೇ ಗಡೀಪಾರು ಮಾಡಲು ಹೊರಟವರು ಯಾರಾದರೂ ಇದ್ದರೆ ಅದು ನಮ್ಮ ಅತ್ತಿಗೆ ಒಬ್ಬರೇ! ಆ ಪದ ಯಾವುದು ಅಂತೀರಾ? 'ಅಂತೆ'. ಹೋದನಂತೆ, ಬಂದನಂತೆ, ಬಿದ್ದನಂತೆ... ಇವಿಲ್ಲದೆ ನಾಲ್ಕು ಜನ ಹೆಂಗಸರು ಒಂದು ಕಡೆ ಕೂತು ಏನು ಮಾತಾಡಬೇಕು ಹೇಳಿ?

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಮಂಡಿ ಮೊಹಲ್ಲಾದ ಊದುಬತ್ತಿ ಪ್ಯಾಕಿಂಗ್ ಶೆಡ್ಡಿನಲ್ಲಿ ಸೂಪರ್‌ವೈಸರ್. ಅವರ ಕೈಕೆಳಗೆ ಹನ್ನೊಂದು ಹೆಂಗಸರು; ಹನ್ನೊಂದನೆಯವಳು ನಾನು. ಬೆಳಗ್ಗೆ ರಾಜೀವನಗರದ ಮನೆಯಲ್ಲಿ ಅವರ ಕೈಯ ಉಪ್ಪಿಟ್ಟು, ಹಗಲಿಡೀ ಅವರ ಬಾಯಿಂದ ಬೈಗುಳ, ಸಂಜೆ ಬಸ್ಸಿನಲ್ಲಿ ಅವರ ಪಕ್ಕದ್ದೇ ಸೀಟು. ಇಂಥ ಭಾಗ್ಯ ಯಾರಿಗುಂಟು! ಇದರ ಮೇಲೆ ನನಗೆ ಮಂಡಿನೋವು ಬೇರೆ. ಮಂಡಿ ಮೊಹಲ್ಲಾದಲ್ಲಿ ದುಡಿಯುವವಳಿಗೆ ಇನ್ನೆಲ್ಲಿ ನೋಯಬೇಕು?

ಈ ಸಲ ಮಳೆಗಾಲದ ಹೊತ್ತಿಗೆ ಶೆಡ್ಡಿನೊಳಗೆ ಅಂತೆಗಳು ಶುರುವಾದವು. ಮೆಷಿನ್ ಬರುತ್ತದಂತೆ. ಶೆಡ್ಡು ಮುಚ್ಚುತ್ತಾರಂತೆ. ಅರ್ಧ ಜನರನ್ನು ತೆಗೆಯುತ್ತಾರಂತೆ. ಯಾವ ಅರ್ಧ? ಅದು ಮಾತ್ರ ಯಾರಿಗೂ ಗೊತ್ತಿಲ್ಲ! ಕಡ್ಡಿ ಎಣಿಸುವ ಕೈಗಳು ನಡುವೆ ನಿಂತುಹೋಗುತ್ತಿದ್ದವು. ಒಬ್ಬಳಂತೂ ಅಳುತ್ತಾ ಅಳುತ್ತಾ ಮಲ್ಲಿಗೆಯ ಪ್ಯಾಕೆಟ್ಟಿಗೆಲ್ಲ ಗಂಧದ ಕಡ್ಡಿ ತುಂಬಿಟ್ಟಳು. ಈ ಕೆಲಸ ಹೋದರೆ ನಮಗ್ಯಾರಿಗೂ ಬೇರೆ ದಿಕ್ಕಿರಲಿಲ್ಲ.

ಅವತ್ತು ಅತ್ತಿಗೆ ತಮ್ಮ ಊಟದ ಕ್ಯಾರಿಯರ್ ಮುಚ್ಚಳವನ್ನು ಚಮಚದಿಂದ ಬಾರಿಸಿ ಎಲ್ಲರನ್ನೂ ಕರೆದರು.

"ನೋಡ್ರಮ್ಮ, ಇವತ್ತಿಂದ ಇಲ್ಲಿ ಯಾರೂ ಅಂತೆ ಅನ್ನಂಗಿಲ್ಲ. ಅಂದವ್ರು ಸಂಜೆ ಶೆಡ್ಡು ಗುಡಿಸ್ಬೇಕು. ಗೊತ್ತಿದ್ರೆ ಗೊತ್ತು ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ. ದಿನಾ ಒಂಬತ್ತೂವರೆಗೆ ನಂಗೆ ಗೊತ್ತಿರೋದನ್ನ ನಾನೇ ಹೇಳ್ತೀನಿ."

ಮಾರನೇ ದಿನ ಒಂಬತ್ತೂವರೆಗೆ ಮುಚ್ಚಳ ಮೊಳಗಿತು. ಎದೆ ಹಿಡಿದುಕೊಂಡು ನಿಂತೆವು.

"ಇವತ್ತು ನಂಗೇನೂ ಗೊತ್ತಿಲ್ಲ. ಹೋಗಿ, ಕೆಲ್ಸ ನೋಡಿ."

ಅದರ ಮಾರನೇ ದಿನ? "ಇವತ್ತೂ ಗೊತ್ತಿಲ್ಲ." ಏನೂ ಗೊತ್ತಿಲ್ಲ ಎಂದು ತಿಳಿಸುವುದಕ್ಕೆ ದಿನಾ ಒಂದು ಮೀಟಿಂಗು! ಎರಡು ತಿಂಗಳು ನಿಂತು ಕೇಳಿದೆ ಸ್ವಾಮಿ, ಈ ಮಂಡಿ ಇಟ್ಟುಕೊಂಡು. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು. ನಡುವೆ ಯಾರಾದರೂ ಬಾಯಿತಪ್ಪಿ ಅಂತೆ ಅಂದರೆ ಉಳಿದವರೆಲ್ಲ "ಪೊರಕೆ!" ಎಂದು ಕೂಗುವುದೊಂದೇ ನಮಗಿದ್ದ ಮನರಂಜನೆ.

ಒಮ್ಮೆ ಮಾಲೀಕರು, "ಎಲ್ಲಾ ಸರಿಯಾಗಿದೆ ಅಂತ ಹೇಳ್ಬುಡಿ, ಸುಮ್ನೆ ಕೆಲ್ಸ ಮಾಡ್ಲಿ" ಎಂದು ಅತ್ತಿಗೆಗೆ ಅಪ್ಪಣೆ ಮಾಡಿದರು. ಅತ್ತಿಗೆ ಮುಚ್ಚಳ ಬಾರಿಸಿದರು.

"ಎಲ್ಲಾ ಸರಿಯಾಗಿದೆ ಅಂತ ಹೇಳಿ ಅಂದವ್ರೆ. ಹೇಳಿದೀನಿ. ಸರಿಯಾಗಿದ್ಯೋ ಇಲ್ವೋ ನಂಗೊತ್ತಿಲ್ಲ."

ನಾವು ಬಿದ್ದು ಬಿದ್ದು ನಕ್ಕೆವು. ವಿಚಿತ್ರ ನೋಡಿ, ಅವತ್ತು ಮಲ್ಲಿಗೆ ಮಲ್ಲಿಗೆಯ ಪ್ಯಾಕೆಟ್ಟಿಗೇ ಹೋಯಿತು.

ಮನೆಯಲ್ಲೂ ಅದೇ ಕಾಯಿದೆ. "ನಾಳೆ ನಲ್ಲೀಲಿ ನೀರು ಬರಲ್ವಂತೆ ಕಣೇ" ಎಂದ ಅಣ್ಣನ ಕೈಗೆ ಪೊರಕೆ! ಪಾಪ, ಆಮೇಲೆ ಅಣ್ಣ ಮಾತನ್ನೇ ಕಡಿಮೆ ಮಾಡಿದ. ನಾನು ಮಾತ್ರ ಪ್ರತಿ ಸಲ ಮಂಡಿನೋವಿನ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಹೋದ ತಿಂಗಳು ಒಂದು ಸಂಜೆ ಮಾಲೀಕರು ಅತ್ತಿಗೆಯನ್ನು ಒಳಗೆ ಕರೆದು ಬಹಳ ಹೊತ್ತು ಮಾತಾಡಿದರು. ಬಸ್ಸಿನಲ್ಲಿ ಅತ್ತಿಗೆ ನನ್ನನ್ನು ಒಂದು ಸಲವೂ ಬೈಯಲಿಲ್ಲ. ನನಗೆ ಭಯವಾಯಿತು.

ಬೆಳಗ್ಗೆ ಮುಚ್ಚಳ ಬಾರಿಸಿ ಹೇಳಿದರು: "ಇವತ್ತು ಗೊತ್ತಾಯ್ತು. ಈ ಶೆಡ್ಡು ಮುಚ್ತಾರೆ. ರಿಂಗ್ ರೋಡ್ ಆಚೆ ಇರೋ ಇನ್ನೊಂದು ಶೆಡ್ಡಿಗೆ ಎಲ್ರೂ ಹೋಗ್ಬೇಕು. ನಿಮ್ಮಲ್ಲಿ ಒಬ್ರನ್ನೂ ತೆಗೆಯಲ್ಲ. ಹನ್ನೊಂದು ಜನದ ಹೆಸ್ರೂ ಪಟ್ಟೀಲಿ ಅದೆ, ನಾನೇ ಕಣ್ಣಾರೆ ನೋಡಿದೀನಿ."

ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು, ನಕ್ಕರು. ಆ ಗದ್ದಲದಲ್ಲೇ ನಾನು ಕೇಳಿದೆ, "ಅತ್ಗೆ, ನಿಮ್ಗೆ?"

ಅವರು ಸೆರಗಿನಲ್ಲಿ ಚಮಚ ಒರೆಸುತ್ತಾ ಹೇಳಿದರು, "ನಂಗೂ ಅಲ್ಲೇ ಏನೋ ಕೊಡ್ತಾರಂತೆ."

ಹನ್ನೊಂದು ಜನಕ್ಕೂ ಕೇಳಿಸಿತ್ತು. ಯಾರೂ ಪೊರಕೆ ಎಂದು ಕೂಗಲಿಲ್ಲ.

ಸಂಜೆ ಉಳಿದವರೆಲ್ಲ ಹೋದ ಮೇಲೆ ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಪೊರಕೆ ತೆಗೆದುಕೊಂಡರು. "ಕೊಡಿ ಅತ್ಗೆ" ಎಂದೆ. ಕೊಡಲಿಲ್ಲ.

"ಅಲ್ಲಿ ಆಗ್ಲೇ ಒಬ್ರು ಸೂಪರ್‌ವೈಸರ್ ಅವ್ರೆ ಕಣೇ. ಇಬ್ರು ಯಾಕೆ ಅಂದ್ರು. ಇವ್ರ ಖುಷಿ ಯಾಕ್ ಕೆಡಿಸ್ಲಿ ಅಂತ ಅಂಗಂದ್ಬುಟ್ಟೆ. ಅಂತೆ ಅಂದ್ಮೇಲೆ ಗುಡಿಸ್ಬೇಕಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಎರಡು ತಿಂಗಳು ಇವರನ್ನೇ ಆಡಿಕೊಂಡು ನಕ್ಕಿದ್ದೆನಲ್ಲ! ಮೂಲೆಯಲ್ಲಿದ್ದ ಇನ್ನೊಂದು ಪೊರಕೆ ಎತ್ತಿಕೊಂಡೆ.

"ನಿಂಗೆ ಮಂಡಿನೋವಲ್ವೇನೇ? ಕೂತ್ಕೋ ಸುಮ್ನೆ."

"ನಾಳೆ ಮಳೆ ಬತ್ತದಂತೆ ಅತ್ಗೆ" ಎಂದು ಹೇಳಿ, ಅವರ ಪಕ್ಕದಲ್ಲೇ ಬಗ್ಗಿ ಗುಡಿಸತೊಡಗಿದೆ.