ಗಾಲ್ಫಿನ ದರ ಏರಿಸಿದ ಮಾವ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈಗ ಹೇಳಲಿರುವುದರಲ್ಲಿ ನಡೆದದ್ದೆಷ್ಟು, ವರ್ಷ ವರ್ಷ ಹೇಳುತ್ತಾ ಹೇಳುತ್ತಾ ನಾನು ಸೇರಿಸಿದ್ದೆಷ್ಟು ಎಂಬುದು ನನಗೇ ಸರಿಯಾಗಿ ಗೊತ್ತಿಲ್ಲ. ಧಾರವಾಡದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ ತರ್ಕಶಾಸ್ತ್ರ ಓದಿದ್ದರಿಂದ ನನಗಾದ ಪ್ರಯೋಜನ ಒಂದೇ: ಮೊದಲು ಬೇರೆಯವರ ಮಾತನ್ನಷ್ಟೇ ನಂಬುತ್ತಿರಲಿಲ್ಲ, ಆಮೇಲೆ ನನ್ನದನ್ನೂ ನಂಬದಾದೆ. ಆದರೂ ಒಂದು ಮಾತನ್ನು ಎದೆ ತಟ್ಟಿ ಹೇಳಬಲ್ಲೆ. ದಾಂಡೇಲಿಯ ಹತ್ತಿರದ ಗಾಲ್ಫ್ ಮೈದಾನದಲ್ಲಿ ಹೊರಗಿನಿಂದ ಬಂದು ಆಡುವವರ ದರ ಆರೇ ವರ್ಷದಲ್ಲಿ ಎರಡು ರೂಪಾಯಿಯಿಂದ ಹದಿನೈದಕ್ಕೆ ಏರಿತಲ್ಲ, ಅದಕ್ಕೆ ಸರಕಾರ ಕಾರಣವಲ್ಲ, ಚೀನಾದ ಯುದ್ಧ ಕಾರಣವಲ್ಲ, ತುಟ್ಟಿ ಕಾಲವೂ ಕಾರಣವಲ್ಲ. ನನ್ನ ಸೋದರಮಾವ ಕಾರಣ! ಅವನೊಬ್ಬನೇ!

ಮಾವ ಒಬ್ಬ ಗುತ್ತಿಗೆದಾರರ ಕಟ್ಟಿಗೆ ಡಿಪೋದಲ್ಲಿ ಛಾಪಾ ಹೊಡೆಯುವವನು. ಕಾಡಿನಿಂದ ಬಂದ ಸಾಗವಾನಿ, ಮತ್ತಿ ದಿಮ್ಮಿಗಳ ತುದಿಗೆ ಮಾಲಿಕನ ಗುರುತಿರುವ ಸುತ್ತಿಗೆಯಿಂದ ಒಂದು ಏಟು ಬಿಗಿಯಬೇಕು. ಏಟು ಬಿದ್ದರೆ ದಿಮ್ಮಿ ಮಾಲಿಕನದು, ಬೀಳದಿದ್ದರೆ ಬೆಳಗಾಗುವುದರೊಳಗೆ ಯಾರದೋ! ಹೀಗಾಗಿ ಡಿಪೋದಲ್ಲಿ ಎರಡು ಮಾತು ವೇದವಾಕ್ಯ. ಒಂದು, ಹೆಚ್ಚು ಏಟು ಹೊಡೆದವನೇ ಶಾಣ್ಯಾ. ಎರಡು, ಒಂದು ರಾಶಿಗೆ ಕೈ ಹಚ್ಚಿದ ಮೇಲೆ ಕೊನೆಯ ದಿಮ್ಮಿಗೆ ಛಾಪಾ ಬೀಳುವ ತನಕ ಮನೆಗೆ ಹೋಗುವಂತಿಲ್ಲ. ಮೂವತ್ತು ವರ್ಷ ಮಾವ ಒಂದೇ ಒಂದು ರಾಶಿಯನ್ನೂ ಅರ್ಧಕ್ಕೆ ಬಿಟ್ಟವನಲ್ಲ. ತನ್ನ ಮದುವೆಯ ದಿನ ಕೂಡ ಅಕ್ಷತೆಗೆ ಒಂದು ತಾಸು ತಡವಾಗಿ ಬಂದನಂತೆ. ಇದು ಅತ್ತೆ ಹೇಳಿದ್ದು. ಅತ್ತೆಯ ತಾಸು ಎಷ್ಟು ನಿಮಿಷದ್ದು ಎಂಬುದರ ಬಗ್ಗೆ ನನಗೆ ಬೇರೆಯೇ ಅನುಮಾನವಿದೆ.

ಅಂಥ ಮನುಷ್ಯ ಒಂದು ದಿನ ಆ ಗಾಲ್ಫ್ ಕ್ಲಬ್ಬಿನ ಜಗುಲಿಗೆ ಬೇಕಾದ ಕಟ್ಟಿಗೆಯ ಅಳತೆ ತರಲು ಹೋದ. ಅದು ದೊಡ್ಡ ದೊಡ್ಡ ಸಾಹೇಬರ ಕ್ಲಬ್ಬು. ಮುಂಬಯಿಯಿಂದ, ಪುಣೆಯಿಂದ ಜನ ರೈಲು ಹತ್ತಿ ಆಳ್ನಾವರದ ಮೇಲಿಂದ ಅಲ್ಲಿಗೆ ಆಡಲು ಬರುತ್ತಿದ್ದರು. ಒಂಬತ್ತು ಗುಂಡಿಗಳ ಮೈದಾನ. ಗುಂಡಿಯ ಸುತ್ತ ಹಸಿರು ಹುಲ್ಲಿರಬೇಕಾದ ಕಡೆ ಎಣ್ಣೆ ಬೆರೆಸಿದ ಮರಳು. ಬಾಗಿಲಲ್ಲಿ ಒಂದು ಫಲಕ: ಹೊರಗಿನವರಿಗೆ ದಿನಕ್ಕೆ ಎರಡು ರೂಪಾಯಿ.

ಮಾವ ಕೇಳಿದನಂತೆ, “ಎರಡು ರೂಪಾಯಿಗೆ ಎಷ್ಟು ಏಟ ಹೊಡೀಬಹುದ್ರಿ?”

ಕ್ಲಬ್ಬಿನ ಕಾರ್ಯದರ್ಶಿ, ಬೆಳಗಾವಿ ಕಡೆಯ ಒಬ್ಬ ನಿವೃತ್ತ ಕ್ಯಾಪ್ಟನ್ನರು, ನಕ್ಕು “ಎಷ್ಟರ ಹೊಡಿಯೋ ಮಾಮಾ, ಅದಕ್ಕೇನು ಕಾಯದಾ ಇಲ್ಲ” ಎಂದರು.

ಪಾಪ, ಅಂದಿದ್ದೇ ತಪ್ಪಾಯಿತು.

ಅದೇ ವರ್ಷದ ಬೋನಸ್ಸು ಕೈಗೆ ಬಂದ ಮರುದಿನ, ಭಾನುವಾರ, ಮಾವ ಹಳಿಯಾಳದ ಕಮ್ಮಾರನಿಂದ ಮಾಡಿಸಿದ ಕೋಲನ್ನು ಹೆಗಲಿಗೇರಿಸಿ ಹೊರಟ. ತುದಿಯಲ್ಲಿ ಕಬ್ಬಿಣದ ಗಡ್ಡೆ, ಹಿಡಿಕೆ ಸಾಗವಾನಿಯದು, ತೂಕ ಒಂದು ಸಣ್ಣ ನೇಗಿಲಿನಷ್ಟು. ನನಗೆ ರಜೆಯಿತ್ತು, ಚೀಲ ಹೊರಲು ನಾನು. ಬುತ್ತಿ ಹೊತ್ತು ಅತ್ತೆ. ಮಾವ ಚೆಂಡನ್ನು ನೆಲದ ಮೇಲಿಟ್ಟು, ದಿಮ್ಮಿಯ ತುದಿಗೆ ಬಿಗಿದ ಹಾಗೆ ಬಿಗಿದ. ಚೆಂಡು ಇದ್ದಲ್ಲೇ ಅರ್ಧ ಇಂಚು ನೆಲದೊಳಗೆ ಇಳಿಯಿತು.

“ಲಾಭ!” ಎಂದು ಕೂಗಿದ ಮಾವ.

ಕಣದಲ್ಲಿ ಕಾಳು ಅಳೆಯುವಾಗ ಮೊದಲನೆಯದನ್ನು ಒಂದು ಅನ್ನದೆ ಲಾಭ ಅನ್ನುತ್ತಾರಲ್ಲ, ಡಿಪೋದಲ್ಲಿಯೂ ಹಾಗೇ. ಲಾಭ, ಎರಡು, ಮೂರು ಎಂದು ದೂರದಲ್ಲಿ ಕೂತ ಕಾರಕೂನನಿಗೆ ಕೇಳುವಂತೆ ಕೂಗಬೇಕು. ಇಲ್ಲಿ ಕಾರಕೂನ ಇರಲಿಲ್ಲ. ಆದರೆ ಪಕ್ಕದ ಹಳ್ಳಿ ಕೋಗಿಲಬನದ ತನಕ ಎಲ್ಲರಿಗೂ ಕೇಳಿಸಿತು. ಪಕ್ಕದಲ್ಲಿ ಕಣ್ಣು ಕಿರಿದು ಮಾಡಿ ಗುರಿ ಹಿಡಿಯುತ್ತಿದ್ದ ಮುಂಬಯಿಯ ಸಾಹೇಬರೊಬ್ಬರು ಬೆಚ್ಚಿ ತಮ್ಮ ಚೆಂಡನ್ನು ಎಮ್ಮೆಗಳು ಮಲಗಿದ್ದ ಕೆರೆಗೆ ಕಳಿಸಿದರು.

ಹೊತ್ತು ಮುಳುಗುವಾಗ ಮಾವ ಮೂರನೆಯ ಗುಂಡಿಯಲ್ಲಿದ್ದ. ಏಟು ಇನ್ನೂರ ಹನ್ನೆರಡು. ಅಥವಾ ಇನ್ನೂರ ಇಪ್ಪತ್ತೆರಡು.

“ಏಟಿಗೆ ಒಂದು ಪೈಸಾನೂ ಬೀಳಲಿಲ್ಲ ನೋಡ!” ಎಂದು ಹಿರಿಹಿರಿ ಹಿಗ್ಗಿದ. “ಆ ಸಾಹೇಬ ಪೂರಾ ಒಂಬತ್ತ ತಗ್ಗಿಗೆ ಐವತ್ತ ಏಟೂ ಹೊಡೀಲಿಲ್ಲ. ಅವಗ ನಾಕ ಪೈಸಾದಂಗ ಬಿತ್ತು. ಮೋಸ ಹೋದ, ಪಾಪ!”

ಹಿಗ್ಗು ಮನೆಯ ತನಕವೂ ಬರಲಿಲ್ಲ. ದಾರಿಯಲ್ಲಿ ಥಟ್ಟನೆ ನಿಂತ. ಒಂಬತ್ತರಲ್ಲಿ ಆರು ಗುಂಡಿ ಹಾಗೇ ಉಳಿದಿವೆ! ರಾಶಿ ಅರ್ಧಕ್ಕೆ ಬಿಟ್ಟು ಬಂದಂತಾಯಿತಲ್ಲ! ಆ ಕ್ಷಣದಿಂದ ಒಂಬತ್ತನೆಯ ಗುಂಡಿಗೆ ಚೆಂಡು ಹಾಕುವುದೇ ಮಾವನ ಜನ್ಮದ ಗುರಿಯಾಯಿತು. ಮಕ್ಕಳ ಮದುವೆ ಆಗಿತ್ತು, ಸಾಲ ಇರಲಿಲ್ಲ, ಬೇರೆ ಗುರಿ ತಾನೇ ಏನಿತ್ತು?

ಮರುವರ್ಷ ಬೋನಸ್ಸು ಬಂದ ಮೇಲೆ ಹೋದರೆ ಫಲಕದಲ್ಲಿ ಮೂರು ರೂಪಾಯಿ. ಅದರ ಮರುವರ್ಷ ಐದು. ಆಮೇಲೆ ಎಂಟು. ಕಾರಣ ಸರಳ. ಮಾವ ಮುಂದೆ ಆಡುತ್ತಿದ್ದರೆ ಹಿಂದೆ ಬಂದವರೆಲ್ಲ ಸಂಜೆಯ ತನಕ ನಿಲ್ಲಬೇಕು. ಒಂದು ಸಲ ನಾಲ್ಕು ಜನ ಪುಣೆಯವರು ಎರಡನೆಯ ಗುಂಡಿಯ ಹತ್ತಿರ ನಿಂತು ನಿಂತು ಸುಸ್ತಾಗಿ ನಮ್ಮ ಅತ್ತೆಯ ಬುತ್ತಿಗೇ ಕೂತರು. ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು. ಉಂಡವರು ಮರದ ಕೆಳಗೆ ಮಲಗಿಬಿಟ್ಟರು. ಕ್ಯಾಪ್ಟನ್ನರು ಓಡಿ ಬಂದು ಕೈ ಮುಗಿದರು.

“ಸಾಕ, ಪುರೇ ಆತಲ್ಲೋ ಮಾಮಾ! ಮೆಂಬರ ಮಂದಿ ನನ್ನ ಜೀವಾ ತಿನ್ನಾಕತ್ತಾರ.”

“ಅವರಿಗೂ ರೊಟ್ಟಿ ಐತಿ, ಬರ್ರಿ ಅನ್ರಿ” ಎಂದ ಮಾವ.

ದರ ಏರಿಸಿದರೆ ಈ ಪೀಡೆ ತೊಲಗುತ್ತದೆ ಎಂಬುದು ಕ್ಯಾಪ್ಟನ್ನರ ಯುದ್ಧತಂತ್ರ. ಆದರೆ ಅವರು ಕಟ್ಟಿಗೆ ವ್ಯಾಪಾರ ಕಂಡವರಲ್ಲ. ಮಾವ ಪ್ರತಿಸಲ ಫಲಕದ ಮುಂದೆ ನಿಂತು ಹೆಮ್ಮೆಯಿಂದ ತಲೆದೂಗುತ್ತಿದ್ದ. “ಸಾಗವಾನಿ ರೇಟ ಏರಿದಂಗ ಏರಾಕತ್ತೈತಿ. ಮಾಲು ಚೊಲೋ ಇದ್ದರಲ್ಲೇನ ರೇಟ ಏರೂದು? ಜಾಲಿಗಿಡದ ರೇಟ ಯಾವಾಗರ ಏರೇತೇನ?” ಮೇಲಾಗಿ, ಎರಡರ ಜಾಗದಲ್ಲಿ ಎಂಟು ಕೊಟ್ಟರೆ ನಾಲ್ಕು ಪಟ್ಟು ಏಟು ಹೊಡೆದರೆ ತಾನೇ ದುಡ್ಡು ವಸೂಲು? ಹೀಗೆ ದರ ಏರಿದಂತೆ ಏಟು ಏರುತ್ತಿತ್ತು, ಏಟು ಏರಿದಂತೆ ದರ. ಎರಡರ ನಡುವೆ ಒಂಬತ್ತನೆಯ ಗುಂಡಿ ಇದ್ದಲ್ಲೇ ಇತ್ತು.

“ಹಂಗಾದ್ರ ಒಂಬತ್ತನೇದರಿಂದನ ಸುರು ಮಾಡ್ರಲಾ” ಎಂದಳು ಅತ್ತೆ ಒಮ್ಮೆ.

“ಚೀಲಾನ ತಳದಿಂದ ಬಿಚ್ಚತಾರೇನ? ಹುಚ್ಚಿ!”

“ಎಂಟ ರೂಪಾಯಿ! ಇನ್ನೊಂದಿಷ್ಟ ಹಾಕಿದ್ರ ನನಗೊಂದು ಇಳಕಲ್ ಸೀರಿ ಬರ್ತಿತ್ತು.”

“ಸೀರಿ ಉಟ್ಟರ ಹರೀತೈತಿ. ತಗ್ಗ ಹರೀತೈತೇನ?”

ಅತ್ತೆ ಬುತ್ತಿ ಕಟ್ಟತೊಡಗಿದಳು. ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ?

ನಾನು ಸುಮ್ಮನಿರಬೇಕಿತ್ತು. ಆದರೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಆ ಆಟದ ಪುಸ್ತಕವೊಂದು ಸಿಕ್ಕಿತು. ಓದಿದವನಿಗೆ ತಿಳಿದದ್ದನ್ನು ಹೇಳದೆ ನಿದ್ದೆ ಬರುತ್ತದೆಯೇ? ಐದನೆಯ ವರ್ಷದ ಆಟಕ್ಕೆ ಮುಂಚೆ ಮಾವನನ್ನು ಕೂಡಿಸಿ ವಿವರಿಸಿದೆ. ಈ ಆಟದಲ್ಲಿ ಕಡಿಮೆ ಏಟು ಹೊಡೆದವನೇ ಗೆದ್ದಂತೆ ಎಂದೆ.

ಮಾವ ಅತ್ತೆಯ ಕಡೆ ತಿರುಗಿ, “ಇವನ ಫೀಗೆ ನಮ್ಮಕ್ಕ ಎಮ್ಮಿ ಮಾರ್ಯಾಳ” ಎಂದ. ಆಮೇಲೆ ನನಗೆ: “ಲೇ ಶಾಣ್ಯಾ, ಕಡಿಮಿ ಹೊಡದಾವ ಗೆದ್ದಾನಂದ್ರ, ಒಂದೂ ಹೊಡೀಲಾರದ ಮನ್ಯಾಗ ಕುಂತಾವ ಎಲ್ಲಾರಕಿಂತ ದೊಡ್ಡ ಆಟಗಾರ ಆಗಬೇಕಲಾ?”

“ಹಂಗಾದ್ರ ನಾನ ಇಷ್ಟ ವರ್ಷ ಗೆದ್ದಾಕಿ!” ಎಂದಳು ಅತ್ತೆ ರೊಟ್ಟಿ ಬಡಿಯುತ್ತಲೇ.

ಎರಡು ವರ್ಷದ ತರ್ಕಶಾಸ್ತ್ರ ಅಲ್ಲಿಗೆ ಮಣ್ಣುಪಾಲು. ಆ ವಾದದಲ್ಲಿ ತಪ್ಪೆಲ್ಲಿದೆ ಎಂದು ನಾನು ಇವತ್ತಿಗೂ ಹುಡುಕುತ್ತಿದ್ದೇನೆ.

ಆ ಸಲ ದರ ಹತ್ತು. ಮಾವ ಆರನೆಯ ಗುಂಡಿ ಮುಟ್ಟಿದ, ಕತ್ತಲಾಯಿತು.

ಆರನೆಯ ವರ್ಷ ಮಾವನಿಗೆ ಡಿಪೋದಲ್ಲಿ ಕೊನೆಯದು. ಸಂಕ್ರಾಂತಿ ಕಳೆದರೆ ಗಂಟು ಕಟ್ಟಿ ಅತ್ತೆಯ ತವರಾದ ಪಾಳಾಕ್ಕೆ ಹೋಗಿ ನೆಲೆಸುವುದೆಂದು ಠರಾವಾಗಿತ್ತು. ಇನ್ನು ಬೋನಸ್ಸಿಲ್ಲ, ದಾಂಡೇಲಿಯಿಲ್ಲ, ಗುಂಡಿಯಿಲ್ಲ. ಈ ಸಲ ಆಗದಿದ್ದರೆ ಇಲ್ಲ. ಮಾವ ಕಿಸೆಯಲ್ಲಿ ಹನ್ನೆರಡು ರೂಪಾಯಿ ಇಟ್ಟುಕೊಂಡು, ಎರಡು ಹೆಚ್ಚೇ ಇರಲಿ ಎಂದು ಬೀಗುತ್ತಾ ಹೋದ. ಫಲಕದಲ್ಲಿ ಹದಿನೈದು!

ಮೊದಲ ಸಲ ಮಾವ ಮಾಲಿನ ಗುಣಗಾನ ಮಾಡಲಿಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಹದಿನೈದು ಹದಿನೈದೇ ಆಗಿತ್ತು. “ಹೋಗೂಣು ನಡೀರಿ” ಎಂದು ಕೋಲು ಹೆಗಲಿಗೇರಿಸಿ ತಿರುಗಿದ. ನನ್ನ ಕಣ್ಣು ಫಲಕದ ಕೆಳಗಿನ ಸಣ್ಣ ಸಾಲಿನ ಮೇಲೆ ಬಿದ್ದದ್ದು ಆಗ.

“ಮಾಮಾ, ಹೆಂಗಸರಿಗೆ ಅರ್ಧ ದರ ಅಂತ ಬರದಾರ.”

ಇಬ್ಬರೂ ಅತ್ತೆಯ ಕಡೆ ನೋಡಿದೆವು. ಅತ್ತೆ ಬುತ್ತಿಯ ಗಂಟನ್ನು ಎದೆಗವುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

“ಏ, ನಾ ಒಲ್ಲೆ! ಮಂದಿ ನಗ್ತಾರ!”

“ಮಂದಿ ಆರ ವರ್ಷದಿಂದ ನಗಾಕತ್ತಾರ. ಇವತ್ತೊಂದ ದಿನ ನಿನಗ ನಗ್ಲಿ” ಎಂದ ಮಾವ.

ಏಳೂವರೆ ಕೊಟ್ಟದ್ದಾಯಿತು. ಕ್ಯಾಪ್ಟನ್ನರು ನಿಯಮ ಓದಿದರು: ಆಡುವವಳು ಮಾಮಿ, ಮಾಮಾ ಚೀಲ ಹೊರುವವ. ಚೀಲ ಹೊರುವವ ಒಂದು ಏಟು ಹೊಡೆದರೂ ಎಲ್ಲರೂ ಹೊರಗೆ. ಅಷ್ಟು ಹೇಳಿ, ನಂಬಿಕೆಯಿಲ್ಲದೆ, ತಾವೇ ನಮ್ಮ ಬೆನ್ನ ಹಿಂದೆ ಬಂದರು.

ಅತ್ತೆ ಸೀರೆಯ ಕಚ್ಚೆ ಬಿಗಿದಳು. ಪಾಳಾದಲ್ಲಿ ಆರು ಜನ ಅಣ್ಣಂದಿರ ಜೊತೆ ಚಿಣಿಫಣಿ, ಅಂದರೆ ಚಿನ್ನಿದಾಂಡು, ಆಡಿ ಬೆಳೆದವಳು ಅವಳು ಎಂಬುದು ನಮಗೆಲ್ಲಿ ಗೊತ್ತು? ಮಾವನಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ. ಮೊದಲ ಏಟಿಗೇ ಚೆಂಡು ಸುಂಯ್ ಎಂದು ಹಾರಿ, ಕೆರೆ ದಾಟಿ, ಎಮ್ಮೆ ದಾಟಿ, ಮರಳಿನ ಹತ್ತಿರ ಹೋಗಿ ಕೂತಿತು. ಮಾವನ ಬಾಯಿಂದ “ಲಾಭ” ಹೊರಡಲೇ ಇಲ್ಲ.

ಮೂರನೆಯ ಗುಂಡಿ ಮುಗಿದಾಗ ಹತ್ತು ಗಂಟೆ. ಮಾವ ಒದ್ದಾಡತೊಡಗಿದ.

“ಏ, ಸಾವಕಾಶ! ಏಳೂವರೆ ರೂಪಾಯಿ ಐತಿ ಅದು! ಹಿಂಗ ನಾಕೈದ ಏಟಿಗೆ ಮುಗಿಸಿದ್ರ ಹೆಂಗ?”

“ಮನ್ಯಾಗ ಹಪ್ಪಳದ ಹಿಟ್ಟ ನಾದಿಟ್ಟ ಬಂದೇನಿ. ನಿಮ್ಮಂಗ ಇಲ್ಲೇ ಸಂಸಾರ ಹೂಡಲ್ಯಾ?”

ಐದು, ಆರು. ಮಾವ ಎಂದೂ ಕಾಣದ ಏಳು, ಎಂಟು. ಏಳನೆಯದರ ಹತ್ತಿರ ಅವನು ಏಟಿನ ಲೆಕ್ಕ ಕೇಳುವುದನ್ನು ಬಿಟ್ಟ. ಚೀಲವನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು, ಅತ್ತೆಯ ಹಿಂದೆ ನಾಲ್ಕು ಹೆಜ್ಜೆ ಅಂತರದಲ್ಲಿ ನಡೆಯುತ್ತಿದ್ದ. ಹೊಸ ಅಳಿಯ ಬೀಗರ ಮನೆಯಲ್ಲಿ ನಡೆಯುವ ಹಾಗೆ.

ಒಂಬತ್ತನೆಯ ಗುಂಡಿ ಒಂದು ದಿಬ್ಬದ ಮೇಲಿತ್ತು. ವಿಶೇಷವೇನೂ ಇರಲಿಲ್ಲ ಅಲ್ಲಿ. ಮರಳು, ಒಂದು ಕೆಂಪು ಬಾವುಟ, ಒಂದು ಗುಂಡಿ. ಅತ್ತೆಯ ಚೆಂಡು ಉರುಳಿ ಉರುಳಿ ಗುಂಡಿಯಿಂದ ಎರಡು ಬೆರಳಿನಷ್ಟು ಈಚೆಗೆ ನಿಂತಿತು. ಉಫ್ ಅಂದರೆ ಬೀಳಬೇಕು. ಅತ್ತೆ ಕೋಲು ಎತ್ತಿದಳು, ಮಾವನ ಮುಖ ನೋಡಿದಳು, ಕೋಲು ಇಳಿಸಿದಳು.

“ಕೈ ಭಾಳ ನೋಯಾಕತ್ತಾವರಿ. ಇದೊಂದ ನೀವ ಹೊಡೀರಿ.”

ಮಾವ ಕ್ಯಾಪ್ಟನ್ನರ ಕಡೆ ನೋಡಿದ. ನಾನೂ ನೋಡಿದೆ. ಕ್ಯಾಪ್ಟನ್ನರು ಕೆಮ್ಮಿದರು. ನಮಗೆ ಬೆನ್ನು ಮಾಡಿ, ಬಗ್ಗಿ, ಬೂಟಿನ ಲಾಡಿ ಕಟ್ಟಿಕೊಳ್ಳತೊಡಗಿದರು. ಅವರ ಬೂಟಿಗೆ ಲಾಡಿಯೇ ಇರಲಿಲ್ಲ ಎಂದು ನನ್ನ ನೆನಪು. ಆದರೆ ನನ್ನ ನೆನಪಿನ ಯೋಗ್ಯತೆ ನಿಮಗೆ ಮೊದಲೇ ಹೇಳಿದ್ದೇನೆ. ಇಷ್ಟು ಮಾತ್ರ ನಿಜ, ಒಂದು ಲಾಡಿ ಕಟ್ಟಲು ಯಾರಿಗೂ ಅಷ್ಟು ಹೊತ್ತು ಬೇಕಾಗುವುದಿಲ್ಲ.

ದಿನಕ್ಕೆ ಇನ್ನೂರು ದಿಮ್ಮಿ ಬಿಗಿದ ಕೈ ಅದು. ಮಲಗಿದ ಕೂಸಿನ ಹಣೆಯಿಂದ ಕೂದಲು ಸರಿಸುವ ಹಾಗೆ ಚೆಂಡನ್ನು ಮುಟ್ಟಿತು. ಟೊಕ್ಕೆಂದು ಸದ್ದಾಯಿತು.

ಮಾವ ಮೊಣಕಾಲೂರಿ ಗುಂಡಿಯೊಳಗೆ ಇಣುಕಿದ. ಬಹಳ ಹೊತ್ತು ಇಣುಕಿದ. ಅತ್ತೆ ಸೆರಗಿನಿಂದ ಅವನ ಬೆನ್ನ ಮೇಲಿನ ಮರಳು ಜಾಡಿಸಿದಳು. ಬೆನ್ನ ಮೇಲೆ ಮರಳು ಇರಲಿಲ್ಲ.

“ಮುಗೀತಲ್ಲ. ಏಳ್ರಿ ಇನ್ನ” ಎಂದಳು.

ಇದೆಲ್ಲ ಹೀಗೇ ನಡೆಯಿತೇ? ಅತ್ತೆಯ ಕೈ ನಿಜವಾಗಿ ನೋಯುತ್ತಿತ್ತೇ? ಕ್ಯಾಪ್ಟನ್ನರು ನೋಡಿದರೇ, ನೋಡಲಿಲ್ಲವೇ? ಬಹಳ ವರ್ಷಗಳ ಮೇಲೆ ಆ ಕಡೆ ಕೆಲಸವಿದ್ದಾಗ, ಅನುಮಾನದ ಹುಳ ಸುಮ್ಮನಿರಲಾರದೆ, ಕ್ಲಬ್ಬಿಗೆ ಹೋಗಿ ಹೊರಗಿನವರು ಆಡಿದ್ದನ್ನು ಬರೆದಿಡುವ ಹಳೆಯ ಪುಸ್ತಕ ತೆಗೆಸಿದೆ. ಗೆದ್ದಲು ಹಿಡಿದಿತ್ತು, ಆದರೆ ಆ ದಿನದ ಪುಟ ಉಳಿದಿತ್ತು. ಕ್ಯಾಪ್ಟನ್ನರ ದುಂಡಗಿನ ಅಕ್ಷರದಲ್ಲಿ ಅತ್ತೆಯ ಹೆಸರು. ಅದರ ಕೆಳಗಿನ ಸಾಲಿನಲ್ಲಿ ಮಾವನ ಹೆಸರು. ದರ ಬರೆಯುವ ಮನೆಯಲ್ಲಿ ಬರೀ ಒಂದು ಗೆರೆ ಎಳೆದಿತ್ತು. ಏಟಿನ ಮನೆಯಲ್ಲಿ: ಒಂದು.