ಲೆಕ್ಕಕ್ಕಿಲ್ಲದ ವಿದ್ಯಾರ್ಥಿನಿ

ನಮ್ಮ ಚಿಕ್ಕಮ್ಮನಷ್ಟು ಶ್ರದ್ಧೆಯಿಂದ ಕಾಲೇಜಿಗೆ ಹೋದವರು ಕುಮಟಾದಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಯಾರ ಎದುರು ಬೇಕಾದರೂ ಹೇಳಬಲ್ಲೆ. ಅವರು ಕಾಲೇಜಿಗೆ ಸೇರಿಯೇ ಇರಲಿಲ್ಲ ಎಂಬುದು ಬೇರೆ ವಿಷಯ. ಪ್ರವೇಶವಿಲ್ಲ, ಶುಲ್ಕವಿಲ್ಲ, ಹಾಜರಿಯಿಲ್ಲ. ಪರೀಕ್ಷೆಯಂತೂ ಇಲ್ಲವೇ ಇಲ್ಲ. ಆದರೂ ಐವತ್ತು ದಾಟಿದ ಆ ಹೆಂಗಸು ಬೆಳಿಗ್ಗೆ ದೋಸೆ ಕಾವಲಿ ಇಳಿಸಿ ಕೊಡೆ ಹಿಡಿದು ಹೊರಟರೆಂದರೆ, ಬಿ.ಎ. ಇತಿಹಾಸದ ತರಗತಿಯಲ್ಲಿ ಮೊದಲ ಬೆಂಚು ಭರ್ತಿ!

ಪಕ್ಕದ ಮನೆಯ ಹುಡುಗಿಯನ್ನು ಕಾಲೇಜಿಗೆ ಸೇರಿಸಲು ಜೊತೆಗೆ ಹೋದದ್ದೇ ಇದಕ್ಕೆಲ್ಲ ಮೂಲ. ಕಚೇರಿಯ ಕಿಟಕಿ ಊಟಕ್ಕೆ ಮುಚ್ಚಿತ್ತು. ಕಾಯುತ್ತ ವರಾಂಡದಲ್ಲಿ ನಿಂತಿದ್ದಾಗ ಒಳಗೆ ಯಾರೋ ಪಾಠ ಮಾಡುತ್ತಿದ್ದುದು ಕಿವಿಗೆ ಬಿತ್ತು. ಗೇರುಸೊಪ್ಪೆಯ ರಾಣಿ, ಕಾಳುಮೆಣಸು, ಹೊನ್ನಾವರದ ಬಂದರಿಗೆ ಬಂದ ಪೋರ್ತುಗೀಸರ ಹಡಗು. ಹಡಗು ದಡ ಮುಟ್ಟುವಷ್ಟರಲ್ಲಿ ಗಂಟೆ ಹೊಡೆಯಿತು. ಆಮೇಲೆ ರಾಣಿಗೆ ಎಂತಾಯಿತು ಎಂಬ ಚಿಂತೆಯಲ್ಲಿ ಚಿಕ್ಕಮ್ಮ ಅಂದು ಸಾರಿಗೆ ಉಪ್ಪು ಹಾಕುವುದನ್ನೇ ಮರೆತರು. ಮರುದಿನ ಮತ್ತೆ ಹೋಗಿ ಕಿಟಕಿಯ ಹೊರಗೆ ನಿಂತರು. ಪಾಠ ಮಾಡುತ್ತಿದ್ದವಳು ಶಿರಾಲಿಯಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಅತಿಥಿ ಉಪನ್ಯಾಸಕಿ. ಅವಳು ಬಾಗಿಲಿಗೆ ಬಂದು, "ಹೊರಗೆ ಎಂತಕ್ಕೆ ನಿಂತ್ರಿ ಅಕ್ಕ? ಒಳಗೆ ಬಂದು ಕೂತ್ಕಳಿ" ಎಂದಳು. ಕೂತವರು ಮತ್ತೆ ಏಳಲಿಲ್ಲ.

ಇದನ್ನು ಸಹಿಸದವರು ಚಿಕ್ಕಪ್ಪ. ಅವರು ವೃತ್ತಿಯಲ್ಲಿ ಆಡಿಟರ್. ರಸೀದಿ ಇಲ್ಲದೆ ಸೂರ್ಯ ಹುಟ್ಟಿದರೂ ಒಪ್ಪದ ಮನುಷ್ಯ. "ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ಎಂತಕ್ಕೆ ಹೋಗೂದು ಅಲ್ಲಿ?" ಎಂದು ಗೊಣಗುತ್ತಿದ್ದರು.

"ಪರೀಕ್ಷೆ ಇಲ್ಲ ಅಂತಲೇ ಹೋಗೂದು" ಎನ್ನುತ್ತಿದ್ದರು ಚಿಕ್ಕಮ್ಮ.

ಒಂದು ಭಾನುವಾರ ಹೊನ್ನಾವರದಿಂದ ಅವರ ಮನೆಗೆ ಊಟಕ್ಕೆ ಹೋಗಿದ್ದ ನಾನು, ಸುಮ್ಮನಿರಲಾರದೆ, "ಚಿಕ್ಕಪ್ಪ, ಹೊರದೇಶದಲ್ಲಿ ಹೀಗೆ ಪರೀಕ್ಷೆಯಿಲ್ಲದೆ ಕೂತು ಪಾಠ ಕೇಳುವುದಕ್ಕೂ ಆಡಿಟ್ ಮಾಡೋದು ಅಂತಲೇ ಹೇಳ್ತಾರೆ" ಎಂದೆ.

ಚಿಕ್ಕಪ್ಪನ ಮುಖ ನೋಡಬೇಕಿತ್ತು. ಮನೆಗೆ ಕಳ್ಳ ನುಗ್ಗಿ ಅವರ ಸೀಲನ್ನೇ ಹೊತ್ತೊಯ್ದ ಹಾಗೆ! "ನಾನು ಒಂದೊಂದು ಕಾಗದ ತಿರುಗಿಸಿ ನೋಡಿ ಸಹಿ ಹಾಕ್ತೆ. ಇವಳು ಸುಮ್ನೆ ಕೂತು ಬರ್ತಾಳೆ. ಎರಡೂ ಒಂದೇನಾ?"

ನಾನು ಇನ್ನೂ ಸ್ವಲ್ಪ ಪಾಂಡಿತ್ಯ ಸೇರಿಸಿದೆ. ಆ ಪದದ ಮೂಲ ಅರ್ಥವೇ ಕೇಳುವುದು. ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಆಡಿಟರ್ ಆದವನು ಕೂತು ಕೇಳುತ್ತಿದ್ದ, ಎಂದೆ.

"ಹಂಗಾದ್ರೆ ಅಸಲಿ ಆಡಿಟರ್ ನಾನೇ ಆತು" ಎಂದರು ಚಿಕ್ಕಮ್ಮ, ಮಜ್ಜಿಗೆ ಬಡಿಸುತ್ತ. "ಇವ್ರಿಗೆ ಮದುವೆ ಆದಾಗಿಂದ ನನ್ನ ಒಂದು ಮಾತೂ ಕೇಳ್ಸಲಿಲ್ಲ."

ಕಾಲೇಜಿಗೆ ಹೊರಗಿನಿಂದ ತಪಾಸಣೆಯ ಸಮಿತಿ ಬಂದಾಗ ಈ ಹೊಸ ಜ್ಞಾನ ಕೆಲಸಕ್ಕೆ ಬಂತು. ಪ್ರಾಂಶುಪಾಲರು ಮೊದಲೇ ಕರೆದು ಹೇಳಿದ್ದರು: "ಅಮ್ಮ, ಸಮಿತಿಯವರು ಹೋಗೂವರೆಗೆ ನೀವು ಬರಬೇಡಿ. ನಿಮ್ಮನ್ನ ಯಾರು ಅಂತ ಹೇಳೂದು ನಾವು?" ಬರಬೇಡಿ ಎಂದರೆ ಬಾರದೆ ಇದ್ದರೆ ಅವರು ಚಿಕ್ಕಮ್ಮ ಹೇಗಾದಾರು? ಮದುವೆಮನೆಗೆ ಉಡುವ ರೇಷ್ಮೆ ಸೀರೆ ಉಟ್ಟು ಮೊದಲ ಬೆಂಚಿನಲ್ಲಿ ಕೂತರು.

ಸಮಿತಿಯ ಹಿರಿಯರೊಬ್ಬರು ತರಗತಿಗೆ ಬಂದು, "ತಾವು ಯಾರು?" ಎಂದರು.

"ನಾನು ಆಡಿಟು" ಎಂದರು ಚಿಕ್ಕಮ್ಮ.

ಸರ್ಕಾರದ ಲೆಕ್ಕ ತಪಾಸಣೆಯೂ ಅದೇ ದಿನ ವಕ್ಕರಿಸಿದೆ ಎಂದು ಸಮಿತಿ ತಿಳಿಯಿತು. ಹಿರಿಯರು ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದರು. ವಿಷಯ ಕಚೇರಿಗೆ ಮುಟ್ಟಿ, ಆ ವಾರವಷ್ಟೇ ಸೇರಿದ್ದ ಗುಮಾಸ್ತ ನಗದು ಪುಸ್ತಕವನ್ನು ಎದೆಗವಚಿಕೊಂಡು ಓಡಿಬಂದ. ಹಿಂದಿನಿಂದ ಎಳನೀರೂ ಬಂತು. "ಪುಸ್ತಕ ಬ್ಯಾಡ, ಪಾಠ ಶುರು ಮಾಡ್ಲಿ" ಎಂದು ಚಿಕ್ಕಮ್ಮ ಅಪ್ಪಣೆ ಕೊಡಿಸಿದರು. ಸಮಿತಿಯವರು ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕೂತು ಪೂರ್ತಿ ಪಾಠ ಕೇಳಿದರಂತೆ. ಪ್ರಾಂಶುಪಾಲರು ಬಾಗಿಲಲ್ಲಿ ನಿಂತು ಬೆವರೊರೆಸಿಕೊಂಡರಂತೆ.

"ಸುಳ್ಳು ಹೇಳಿ ಎಳನೀರು ಕುಡಿದ್ಯಲ್ಲೇ" ಎಂದು ಚಿಕ್ಕಪ್ಪ ತಲೆ ಚಚ್ಚಿಕೊಂಡರು.

"ಎಂತ ಸುಳ್ಳು? ಕೇಳಿದ್ರು, ಹೇಳ್ದೆ. ಯಾವ ಆಡಿಟು ಅಂತ ಅವ್ರು ಕೇಳ್ಲಿಲ್ಲ."

ಇಷ್ಟು ಧೈರ್ಯದ ಹೆಂಗಸಿಗೆ ಪರೀಕ್ಷೆ ಎಂದರೆ ಮಾತ್ರ ಕೈಕಾಲು ತಣ್ಣಗಾಗುತ್ತಿತ್ತು. ಹುಡುಗಿಯಾಗಿದ್ದಾಗ ಪಿಯುಸಿಯ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಫೇಲಾಗಿ, ಕೊನೆಯ ಸಲ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ತಲೆಸುತ್ತಿ ಬಿದ್ದಿದ್ದರು. "ಪಾಠದ ಮೇಲೆ ನಂಗೆ ಸಿಟ್ಟಿಲ್ಲ. ಆ ಕಾಗದದ ಮೇಲೆ. ಸತ್ರೂ ಇನ್ನು ಬರೀತಿಲ್ಲೆ" ಎಂದು ಶಪಥ ಮಾಡಿದವರು.

ಕಳೆದ ಬೇಸಿಗೆಯಲ್ಲಿ ಸುದ್ದಿ ಬಂತು: ಇತಿಹಾಸ ಆರಿಸಿಕೊಳ್ಳುವವರು ಸಾಲದ್ದರಿಂದ ತರಗತಿ ನಿಲ್ಲುತ್ತದೆ, ಶಿರಾಲಿಯ ಉಪನ್ಯಾಸಕಿಗೆ ಕೆಲಸವಿಲ್ಲ. ಚಿಕ್ಕಮ್ಮ ನೇರವಾಗಿ ಪ್ರಾಂಶುಪಾಲರ ಕೋಣೆಗೆ ನುಗ್ಗಿದರು. ಆಗ ನಾನೂ ಜೊತೆಗಿದ್ದೆ.

"ಎಷ್ಟು ಜನ ಕಡಿಮೆ?"

"ಒಬ್ಬರು."

"ನಾನಿಲ್ವಾ? ಒಂದು ದಿನ ತಪ್ಪಿಸಿದ್ದಿದ್ಯಾ? ನನ್ನ ಎಣ್ಸಿ."

"ನೀವು ಲೆಕ್ಕಕ್ಕೆ ಬರೂದಿಲ್ಲ ಅಮ್ಮ" ಎಂದರು ಪ್ರಾಂಶುಪಾಲರು, ಬೇಸರದಿಂದಲೇ. "ಪಿಯುಸಿ ಪಾಸಾಗಿ ಸೇರಿದ್ರೆ ಮಾತ್ರ ಹೆಸರು ಹಚ್ಚೂಕೆ ಬರೂದು. ಪೂರಕ ಪರೀಕ್ಷೆಯ ಫಲಿತಾಂಶದವರೆಗೆ ಅವಕಾಶ ಇದೆ."

ಚಿಕ್ಕಮ್ಮ ಹೊರಗೆ ಬಂದು ವರಾಂಡದ ಕಟ್ಟೆಯ ಮೇಲೆ ಕೂತು ಕೊಡೆಯ ತುದಿಯಿಂದ ನೆಲ ಕುಟ್ಟತೊಡಗಿದರು. ಜಗಳಕ್ಕೆ ಮಾತು ಹುಡುಕುತ್ತಿದ್ದಾರೆ ಎಂದುಕೊಂಡೆ. ಕೊನೆಗೆ ನನ್ನತ್ತ ತಿರುಗಿ, "ಆ ಪರೀಕ್ಷೆಯ ಅರ್ಜಿ ಎಲ್ಲಿ ಸಿಗ್ತದೆ ನೋಡು" ಎಂದರು.

ಆಮೇಲಿನ ದಿನಗಳಲ್ಲಿ ಅವರು ಮೀನು ಕೊಯ್ಯುವಾಗಲೂ ಇಂಗ್ಲಿಷ್ ವ್ಯಾಕರಣ ಗೊಣಗುತ್ತಿದ್ದರು. ಪರೀಕ್ಷೆಯ ದಿನ ಬಾಗಿಲಲ್ಲಿದ್ದವನು, "ಪೋಷಕರು ಒಳಗೆ ಬರಬಾರದು" ಎಂದ. "ನನ್ನ ಪೋಷಕರು ಅಲ್ಲಿ ನಿಂತಿದ್ದಾರೆ ನೋಡು" ಎಂದು ಚಿಕ್ಕಪ್ಪನನ್ನು ತೋರಿಸಿ ಒಳಗೆ ನಡೆದರು. ಮಾತು ಗಟ್ಟಿಯಾಗಿಯೇ ಇತ್ತು. ಪ್ರವೇಶಪತ್ರವನ್ನು ಮಾತ್ರ ತಲೆಕೆಳಗಾಗಿ ಹಿಡಿದಿದ್ದರು.

ಪಾಸಾದರು. ಅಂಚಿನಲ್ಲಿ, ಆದರೆ ಪಾಸು.

ತರಗತಿ ಶುರುವಾದ ದಿನ ನಾನೂ ಹೋಗಿ ಹೊರಗೆ ನಿಂತಿದ್ದೆ. ಉಪನ್ಯಾಸಕಿ ಹಾಜರಿ ಕರೆಯುತ್ತ ಬಂದು, ಕೊನೆಯ ಹೆಸರಿನ ಹತ್ತಿರ ತಡೆದಳು. ಹೆಸರನ್ನು ಓದದೆ, ತಲೆಯೆತ್ತಿ ಮೊದಲ ಬೆಂಚಿನತ್ತ ನೋಡಿದಳು. ಕೊನೆಗೆ ಬರೀ "ಅಕ್ಕ" ಎಂದಳು.

ಸಮಿತಿಗೆ ಹೆದರದ, ಪ್ರಾಂಶುಪಾಲರಿಗೆ ಬಗ್ಗದ ನಮ್ಮ ಚಿಕ್ಕಮ್ಮ ಎದ್ದು ನಿಂತರು. ಶಾಲೆಯ ಮಗುವಿನ ಹಾಗೆ ಸುಮ್ಮನೆ ಕೈ ಎತ್ತಿದರು.